ಕಂಕನಾಡಿಗೆ ಎಷ್ಟು ಹತ್ತಿರದ ಪ್ರಾಕ್ಸಿ ಬೇಕು? ಜಾಲವಿಳಂಬದ ಒಂದು ಲೆಕ್ಕಾಚಾರ

ಫೈಬರ್ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಸಾಗುತ್ತದೆ. ಅಂದರೆ ಪ್ರತಿ 100 ಕಿ.ಮೀ. ದೂರವನ್ನು ಹೋಗಿ ಬರಲು ಒಂದು ಮಿಲಿಸೆಕೆಂಡ್ ತೆರಲೇಬೇಕು. ನಕ್ಷೆಯ ಮೇಲೆ ನೇರ ಗೆರೆ ಎಳೆದರೆ ಮಂಗಳೂರಿನ ಕಂಕನಾಡಿಯಿಂದ ಬೆಂಗಳೂರು ಸುಮಾರು 300 ಕಿ.ಮೀ., ಮುಂಬೈ 700ಕ್ಕೆ ಮೇಲ್ಪಟ್ಟು, ಅಮೆರಿಕದ ವರ್ಜೀನಿಯಾ 13,000ಕ್ಕೂ ಹೆಚ್ಚು. ವರ್ಜೀನಿಯಾದ ಸರ್ವರ್ ಒಮ್ಮೆ ಓಗೊಡಲು ಭೌತಶಾಸ್ತ್ರವೇ ಕೇಳುವ ತೆರಿಗೆ 130 ಮಿಲಿಸೆಕೆಂಡ್. ಕೇಬಲ್ ನೇರ ಗೆರೆಯಲ್ಲಿ ಸಾಗುವುದಿಲ್ಲವಾದ್ದರಿಂದ ವಾಸ್ತವದಲ್ಲಿ ಅದು 200 ದಾಟುತ್ತದೆ. ಎಷ್ಟೇ ಎಂಬಿಪಿಎಸ್‌ನ ಪ್ಲಾನ್ ಹಾಕಿಸಿಕೊಂಡರೂ ಈ ಅಂಕಿ ಇಳಿಯದು.

ಸಮುದ್ರ ಮಂಗಳೂರಿನ ಮನೆ ಬಾಗಿಲಲ್ಲೇ ಇದ್ದರೂ ಅಂತರರಾಷ್ಟ್ರೀಯ ಕೇಬಲ್ ಇಲ್ಲಿ ದಡ ಹತ್ತಿಲ್ಲ. ಅವು ಏರುವುದು ಮುಂಬೈ, ಚೆನ್ನೈ, ಕೊಚ್ಚಿ, ತೂತ್ತುಕುಡಿಯಂಥ ಕಡೆ. 2024ರ ಜನವರಿಯಲ್ಲಿ ಉದ್ಘಾಟನೆಯಾದ ಲಕ್ಷದ್ವೀಪದ ಕೇಬಲ್ ಕೂಡ ಕೊಚ್ಚಿಯಿಂದಲೇ ಹೊರಟಿದೆ. ಹೀಗಾಗಿ ಕಂಕನಾಡಿಯ ದತ್ತಾಂಶ ಮೊದಲು ನೆಲದ ಮೇಲೆ ದೂರ ಕ್ರಮಿಸಿ, ಆಮೇಲೆ ಕಡಲಿಗಿಳಿಯಬೇಕು.

ಈ ದೂರಕ್ಕೆ ಮದ್ದೆಂದು ಹೇಳುವುದು ಬಳಕೆದಾರನಿಗೂ ಮೂಲ ಸರ್ವರ್‌ಗೂ ನಡುವೆ ನಿಲ್ಲುವ, ಭೌಗೋಳಿಕವಾಗಿ ಹಂಚಿಹೋದ ಪ್ರಾಕ್ಸಿ ಸರ್ವರ್‌ಗಳನ್ನು. 1994ರ ಹೊತ್ತಿಗೇ ಸರ್ನ್‌ನ ವೆಬ್ ತಂತ್ರಾಂಶದಲ್ಲಿ ಪ್ರಾಕ್ಸಿ ಇತ್ತು; 1998ರಲ್ಲಿ ಎಂಐಟಿಯ ಟಾಮ್ ಲೇಟನ್ ಮತ್ತು ಡೇನಿಯಲ್ ಲೆವಿನ್ ಸ್ಥಾಪಿಸಿದ ಅಕಮಾಯ್ ಅದನ್ನು ಜಗತ್ತಿನಾದ್ಯಂತ ಬಿತ್ತುವ ವ್ಯಾಪಾರವನ್ನೇ ಕಟ್ಟಿತು. ಪ್ರಾಕ್ಸಿ ಎಂದರೆ ಪ್ರತಿಗಳ ಗೋದಾಮು ಎಂಬ ತಿಳಿವಳಿಕೆ ಅರ್ಧ ಸತ್ಯ. ಗೋದಾಮಿನಲ್ಲಿ ಸರಕು ಇಲ್ಲದಾಗಲೂ ಅದು ಸಮಯ ಉಳಿಸುತ್ತದೆ. ಹೇಗೆಂಬುದನ್ನು ಲೆಕ್ಕ ಹಾಕಿಯೇ ನೋಡಬೇಕು.

ಕಂಕನಾಡಿ–ಮುಂಬೈ ನಡುವೆ ಹೋಗಿಬರುವ ಅವಧಿ 20, ಮುಂಬೈ–ವರ್ಜೀನಿಯಾ 200 ಮಿಲಿಸೆಕೆಂಡ್ ಎಂದಿಟ್ಟುಕೊಳ್ಳೋಣ. ಇವು ಅಳತೆಗಳಲ್ಲ, ಲೆಕ್ಕಕ್ಕಾಗಿ ಹಿಡಿದ ದುಂಡು ಸಂಖ್ಯೆಗಳು. ಸುರಕ್ಷಿತ ಪುಟವೊಂದನ್ನು ತೆರೆಯಲು ಸಂಪರ್ಕ ಹೂಡುವ ಟಿಸಿಪಿಗೆ ಒಂದು ಸುತ್ತು, ಗೂಢಲಿಪಿ ಹೊಂದಿಸುವ 2018ರ ಟಿಎಲ್‌ಎಸ್ 1.3ಕ್ಕೆ ಒಂದು ಸುತ್ತು, ಕೋರಿಕೆಗೆ ಇನ್ನೊಂದು, ಒಟ್ಟು ಮೂರು. ನೇರವಾಗಿ ವರ್ಜೀನಿಯಾಕ್ಕೆ ಹೋದರೆ ಮೊದಲ ಬೈಟ್ ಬರುವಷ್ಟರಲ್ಲಿ 660 ಮಿಲಿಸೆಕೆಂಡ್. ಮುಂಬೈನಲ್ಲಿ ಪ್ರಾಕ್ಸಿ ಇದ್ದು, ಮೂಲ ಸರ್ವರ್‌ ಜತೆ ಅದರ ಸಂಪರ್ಕ ಮೊದಲೇ ತೆರೆದಿದ್ದರೆ, ಪ್ರತಿ ಇಲ್ಲದ ಪುಟಕ್ಕೂ 20, 20, ಮತ್ತೆ 220 ಸೇರಿ 260 ಸಾಕು. ಪ್ರತಿ ಇದ್ದರೆ 60. ಅದೇ ಪ್ರಾಕ್ಸಿಯನ್ನು 10 ಮಿಲಿಸೆಕೆಂಡ್ ದೂರದ ಬೆಂಗಳೂರಿಗೆ ತಂದರೆ, ಕಂಕನಾಡಿಯಿಂದ ಮೂಲದವರೆಗಿನ ಒಟ್ಟು 220 ಬದಲಾಗದೆಂದು ಬಗೆದು, ಈ ಅಂಕಿಗಳು 240 ಮತ್ತು 30 ಆಗುತ್ತವೆ. ಮಂಗಳೂರಿಗೇ ತಂದು ಸುತ್ತೊಂದಕ್ಕೆ 3 ಎಂದರೆ 226 ಮತ್ತು 9.

ಮುಂಬೈ ಪ್ರಾಕ್ಸಿ 400 ಮಿಲಿಸೆಕೆಂಡ್ ಉಳಿಸಿತು. ಅಲ್ಲಿಂದ ಮಂಗಳೂರಿನವರೆಗೆ ಬಂದು ನಾವು ಗಳಿಸಿದ್ದು ಪ್ರತಿ ಇಲ್ಲದಾಗ 34, ಇದ್ದಾಗ 51. 4ಜಿ ಮೊಬೈಲಿನ ರೇಡಿಯೊ ಕೊಂಡಿಯೊಂದೇ ಅಷ್ಟನ್ನು ನುಂಗಿಬಿಡಬಲ್ಲದು. ಪ್ರಾಕ್ಸಿ ಹತ್ತಿರವಾದಷ್ಟೂ ಲಾಭ ಅದೇ ಪ್ರಮಾಣದಲ್ಲಿ ಏರುತ್ತದೆಂಬ ಮಾರಾಟಗಾರರ ಮಾತನ್ನು ಇಲ್ಲಿ ನಂಬಬೇಕಿಲ್ಲ.

ದೊಡ್ಡ ಕಡತಗಳ ಮಾತು ಸ್ವಲ್ಪ ಬೇರೆ. ಟಿಸಿಪಿ ಮೊದಲ ಸುತ್ತಿಗೆ ಸಾಮಾನ್ಯವಾಗಿ ಹತ್ತು ಪ್ಯಾಕೆಟ್, ಅಂದರೆ ಸುಮಾರು 14 ಕಿಲೋಬೈಟ್ ಕಳಿಸಿ, ಸುತ್ತು ಸುತ್ತಿಗೂ ಅದನ್ನು ದುಪ್ಪಟ್ಟು ಮಾಡುತ್ತ ಹೋಗುತ್ತದೆ. ಒಂದು ಮೆಗಾಬೈಟ್ ಮುಟ್ಟಲು ಏಳು ಸುತ್ತು ಬೇಕು. 220ರ ದಾರಿಯಲ್ಲಿ ಅದು ಒಂದೂವರೆ ಸೆಕೆಂಡ್, ಮುಂಬೈನಿಂದ 140 ಮಿಲಿಸೆಕೆಂಡ್, ಮಂಗಳೂರಿನಲ್ಲೇ ಆದರೆ 21.

ಆದರೆ ಕಂಕನಾಡಿ ಆಸ್ಪತ್ರೆಗಳ ಊರು. 1880ರಲ್ಲಿ ಫಾದರ್ ಅಗಸ್ಟಸ್ ಮುಲ್ಲರ್ ಆರಂಭಿಸಿದ ಸಂಸ್ಥೆ ಇಲ್ಲಿದೆ. ಇಲ್ಲಿನ ದೊಡ್ಡ ಕಡತಗಳಲ್ಲಿ ರೋಗಿಗಳ ಸ್ಕ್ಯಾನ್‌ಗಳೂ ಇರುತ್ತವೆ. ಒಬ್ಬ ರೋಗಿಯ ಸಿಟಿ ಸ್ಕ್ಯಾನ್ ಇನ್ನೊಬ್ಬರಿಗೆ ಬೇಕಾಗುವುದಿಲ್ಲ, ಹಾಗಾಗಿ ಪ್ರತಿ ಇಟ್ಟುಕೊಂಡು ಪ್ರಯೋಜನವಿಲ್ಲ. ಸಂಪರ್ಕವನ್ನು ಪ್ರಾಕ್ಸಿಯ ಬಳಿ ಎರಡು ತುಂಡು ಮಾಡುವುದರ ಲಾಭವಷ್ಟೇ ಉಳಿಯುತ್ತದೆ. ಅದಕ್ಕಾಗಿ ಪ್ರಾಕ್ಸಿ ಗೂಢಲಿಪಿಯನ್ನು ಬಿಚ್ಚಬೇಕು. ಬಿಚ್ಚಿದ ಕ್ಷಣದಲ್ಲಿ ರೋಗಿಯ ವಿವರ ಅಲ್ಲಿ ಬಯಲಾಗಿರುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದ ಮೇಲಂತೂ ಈ ಪ್ರಾಕ್ಸಿ ಪೆಟ್ಟಿಗೆ ಯಾರ ಸುಪರ್ದಿಯಲ್ಲಿದೆ ಎಂಬುದು ಮಿಲಿಸೆಕೆಂಡಿಗಿಂತ ದೊಡ್ಡ ಪ್ರಶ್ನೆ.

ಇನ್ನು ದಾರಿಯ ವಿಷಯ. ಕಂಕನಾಡಿಯ ಒಂದೇ ಬೀದಿಯ ಎರಡು ಮನೆಗಳಲ್ಲಿ ಎರಡು ಕಂಪನಿಗಳ ಸಂಪರ್ಕವಿದೆ ಎನ್ನಿ. ಒಂದರಿಂದ ಇನ್ನೊಂದಕ್ಕೆ, ಪ್ಯಾಕೆಟ್ ಸಾಗುವ ದಾರಿ ತೋರಿಸುವ ಟ್ರೇಸ್‌ರೂಟ್ ಕೊಟ್ಟರೆ ಮೊದಲ ಸಾಲಿನಲ್ಲಿ ಮನೆಯ ರೂಟರ್, ಒಂದೆರಡು ಮಿಲಿಸೆಕೆಂಡ್. ಮುಂದಿನೆರಡು ಸಾಲು ಕಂಪನಿಯ ಸ್ಥಳೀಯ ಯಂತ್ರಗಳು. ಆಮೇಲೆ ಉತ್ತರ ಕೊಡದ ನಕ್ಷತ್ರ ಚಿಹ್ನೆಗಳು. ಅವುಗಳಾಚೆ ಅಂಕಿ ಒಮ್ಮೆಲೇ ಇಪ್ಪತ್ತು ಮೂವತ್ತಕ್ಕೆ ಜಿಗಿದರೆ, ಪ್ಯಾಕೆಟ್ ಊರು ಬಿಟ್ಟಿರುವ ಸಾಧ್ಯತೆಯೇ ಹೆಚ್ಚು. ಇಬ್ಬರೂ ಕೈ ಕುಲುಕುವುದು ಮುಂಬೈ ಅಥವಾ ಚೆನ್ನೈನಲ್ಲಾದರೆ ಪಕ್ಕದ ಮನೆಯ ದತ್ತಾಂಶ ಅಕ್ಷರಶಃ ಕೊಂಕಣ ಸುತ್ತಿ ಮೈಲಾರಕ್ಕೆ ಬರುತ್ತದೆ. ಇಂಥಲ್ಲಿ ಒಂದು ಕಂಪನಿಯೊಳಗೆ ಕೂರಿಸಿದ ಪ್ರಾಕ್ಸಿ ಇನ್ನೊಂದರ ಗ್ರಾಹಕನಿಗೆ ಮುಂಬೈನಷ್ಟೇ ದೂರ. ಹೆಸರು ಹುಡುಕುವ ಡಿಎನ್‌ಎಸ್ ಸರ್ವರ್ ಬೇರೆ ರಾಜ್ಯದಲ್ಲಿದ್ದರೆ ಪ್ರಾಕ್ಸಿ ಜಾಲವು ಬಳಕೆದಾರನನ್ನೂ ಅಲ್ಲಿಯವನೆಂದೇ ಎಣಿಸಿ ದೂರದ ಪ್ರಾಕ್ಸಿಗೆ ಕಳಿಸೀತು. ಹಲವು ಪ್ರಾಕ್ಸಿಗಳಿಗೆ ಒಂದೇ ವಿಳಾಸ ಕೊಡುವ ಎನಿಕಾಸ್ಟ್ ಬಳಸಿದರೂ, ಜಾಲಗಳ ನಡುವೆ ದಾರಿ ಆರಿಸುವ ಬಿಜಿಪಿಗೆ ಕಿಲೋಮೀಟರ್ ಗೊತ್ತಿಲ್ಲ. ಅದು ಹೆಚ್ಚಾಗಿ ನೋಡುವುದು ಕಂಪನಿಗಳ ನಡುವಣ ಒಪ್ಪಂದವನ್ನು.

ಮಂಗಳೂರಿನಲ್ಲೇ ಪ್ರಾಕ್ಸಿ ಬೇಕೆನ್ನಲು ನನಗೆ ಬಲವಾಗಿ ಕಾಣುವ ಕಾರಣ ಮಳೆಗಾಲ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿಯಿತು. ಅದೇ ತಿಂಗಳ ಕೊನೆಗೆ ಎಡಕುಮೇರಿ–ಕಡಗರವಳ್ಳಿ ನಡುವೆ ಮಣ್ಣು ಕುಸಿದು ಬೆಂಗಳೂರಿನ ರೈಲುಮಾರ್ಗವೂ ನಿಂತಿತು. ಹೆದ್ದಾರಿ, ರೈಲುಹಳಿಗಳ ಬದಿಯಲ್ಲೇ ಫೈಬರ್ ಹೂಳುವುದು ವಾಡಿಕೆ. ಉತ್ತರದ ದಾರಿ, ಘಟ್ಟದ ದಾರಿ ಎರಡೂ ಒಂದೇ ತಿಂಗಳಲ್ಲಿ ಕೈಕೊಡಬಲ್ಲವೆಂದ ಮೇಲೆ, ಊರಿನಲ್ಲೇ ಇರುವ ಪ್ರತಿ ವೇಗಕ್ಕಲ್ಲದಿದ್ದರೂ ಲಭ್ಯತೆಗೆ ಬೇಕು.

ಆದ್ದರಿಂದ ಕ್ರಮ ಹೀಗಿರಬೇಕು: ಮೊದಲು ಎಲ್ಲ ಕಂಪನಿಗಳೂ ನಗರದಲ್ಲೇ ಒಂದು ವಿನಿಮಯ ಕೇಂದ್ರದಲ್ಲಿ ಕೂಡಲಿ, ಪ್ರಾಕ್ಸಿ ಅದರ ಮಗ್ಗುಲಿಗೆ ಬರಲಿ. ಅದಕ್ಕೂ ಮುಂಚೆ ಅಳತೆ ಬೇಕು. ಸುರತ್ಕಲ್ಲಿನ ಎನ್‌ಐಟಿಕೆಯೂ ಜಿಲ್ಲೆಯ ಇತರ ಎಂಜಿನಿಯರಿಂಗ್ ಕಾಲೇಜುಗಳೂ ರೈಪ್ ಅಟ್ಲಾಸ್‌ನಂಥ ಮುಕ್ತ ಅಳತೆ ಜಾಲದ ಸಾಧನಗಳನ್ನು ಬೇರೆ ಬೇರೆ ಕಂಪನಿಗಳ ಸಂಪರ್ಕಕ್ಕೆ ಸಿಕ್ಕಿಸಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಅಂಕಿಗಳನ್ನು ಪ್ರಕಟಿಸಲಿ.