ಗೋಕಾಕ ಫಾಲ್ಸ್ ಫೋಟೋ ಖರೇನೇ ಇದೆ, ಆದರೆ ಯಾವತ್ತಿನದು?

‘ಹೊಳಿ ಬಂದೈತಿ, ಇವತ್ತ ಮುಂಜಾನೆ ಫಾಲ್ಸ್ ನೋಡ್ರಿ.’ ಜುಲೈ ಬಂತೆಂದರೆ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ಇಂಥದೊಂದು ಸಾಲು, ಅದರ ಕೆಳಗೆ ಕೆಂಪು ನೀರು ಧುಮುಕುವ ಜಲಪಾತದ ಫೋಟೋ ಬಂದೇ ಬರುತ್ತದೆ. ತೆಗೆದವರು ಯಾರೋ ಹವ್ಯಾಸಿ. ನಸುಕಿನಲ್ಲಿ ಎದ್ದು, ಬೈಕ್ ಹತ್ತಿ, ಮಳೆಯಲ್ಲಿ ತೊಯ್ದು ತೆಗೆದ ಚಿತ್ರ. ಗೆಳೆಯರು ‘ಭಾರಿ ಬಂದೈತಿ ಅಣ್ಣಾ’ ಅನ್ನುತ್ತಾರೆ, ಯಾವ ಮೊಬೈಲು, ಯಾವ ಸೆಟಿಂಗ್ ಎಂದು ಕೇಳುತ್ತಾರೆ. ಅಲ್ಲಿಯವರೆಗೆ ಎಲ್ಲ ಸರಿ.

ತೊಂದರೆ ಶುರುವಾಗುವುದು ಅದೇ ಚಿತ್ರ ಐದಾರು ಕೈ ದಾಟಿದ ಮೇಲೆ. ತೆಗೆದವರ ಹೆಸರು ಹೋಗಿರುತ್ತದೆ, ತಾರೀಖು ಹೋಗಿರುತ್ತದೆ, ‘ಇವತ್ತ’ ಎಂಬ ಮಾತು ಮಾತ್ರ ಉಳಿದಿರುತ್ತದೆ. ಮರುವರ್ಷವೂ ಅದು ‘ಇವತ್ತ’ ಆಗಿಯೇ ಬರುತ್ತದೆ. ನಮಗೆ ಬರುವ ‘ಇದು ಫೇಕ್ ಏನ್ರಿ?’ ಎಂಬ ಪ್ರಶ್ನೆಗಳಲ್ಲಿ ಚಿತ್ರವೇ ಸುಳ್ಳಾಗಿರುವುದಕ್ಕಿಂತ, ನಿಜವಾದ ಹಳೇ ಚಿತ್ರಕ್ಕೆ ಹೊಸ ಸಾಲು ಅಂಟಿಕೊಂಡಿರುವುದೇ ಹೆಚ್ಚು.

ಹಳೇ ಫೋಟೋ ಆದರೇನು ಎಂದು ಕೇಳಬಹುದು. 2019ರ ಆಗಸ್ಟ್, 2021ರ ಜುಲೈ, 2024ರ ಜುಲೈನಲ್ಲಿ ಘಟಪ್ರಭಾ ಉಕ್ಕಿದ್ದನ್ನು ಕಂಡವರಿಗೆ ಉತ್ತರ ಗೊತ್ತು. ಗೋಕಾಕದ ಲೋಳಸೂರ ಸೇತುವೆ ಮುಳುಗಿದ ಚಿತ್ರ ನೋಡಿ ನದಿ ದಂಡೆಯ ಮನೆಯವರು ದನಕರು ಹೊರಗೆ ಹೊಡೆಯುತ್ತಾರೆ. ಅದು ಹಳೇದು ಎಂದು ಎರಡು ಸಲ ಗೊತ್ತಾದರೆ, ಮೂರನೇ ಸಲ ಖರೇ ನೀರು ಬಂದಾಗ ‘ಬಿಡ್ರಿ, ಹೋದ ವರ್ಷದ್ದು’ ಎಂದು ಮಲಗುತ್ತಾರೆ. ಎರಡನೆಯದು ಹೆಚ್ಚು ಅಪಾಯ.

ಮೂರು ತಾಲೂಕು, ಒಂದೇ ಹೊಳೆ

ಚಿತ್ರ ಎಲ್ಲಿಯದು ಎನ್ನುವುದೂ ಯಾವಾಗಿನದು ಎನ್ನುವಷ್ಟೇ ಮುಖ್ಯ. ಸಹ್ಯಾದ್ರಿಯಲ್ಲಿ ಹುಟ್ಟುವ ಘಟಪ್ರಭಾ ಮೊದಲು ಹುಕ್ಕೇರಿ ತಾಲೂಕಿನ ಹಿಡಕಲ್ ಡ್ಯಾಮಿಗೆ ಬರುತ್ತದೆ. ರಾಜಾ ಲಖಮಗೌಡ ಜಲಾಶಯ ಎಂದು ಅದರ ಹೆಸರು, ತುಂಬಿದರೆ 51 ಟಿಎಂಸಿ. ಅಲ್ಲಿಂದ ಕೆಳಗೆ ಸಂಕೇಶ್ವರದ ಕಡೆಯಿಂದ ಹಿರಣ್ಯಕೇಶಿ ಬಂದು ಸೇರುತ್ತದೆ. ಆಮೇಲೆ ಬ್ರಿಟಿಷರ ಕಾಲದ ಧೂಪದಾಳ ಅಣೆಕಟ್ಟು, ಅದರ ಕೆಳಗೆ ಗೋಕಾಕ ಫಾಲ್ಸ್. ಗೊಡಚಿನಮಲ್ಕಿಯಲ್ಲಿ ಧುಮುಕಿ ಬರುವ ಮಾರ್ಕಂಡೇಯ ನದಿ ಘಟಪ್ರಭೆಯನ್ನು ಸೇರುವುದು ಫಾಲ್ಸ್ ದಾಟಿದ ಮೇಲೆ, ಗೋಕಾಕ ಊರಿನ ಹತ್ತಿರ. ಮುಂದೆ ಹೊಳೆ ಮೂಡಲಗಿ ತಾಲೂಕಿನ ಊರುಗಳ ಕಡೆ ಹರಿಯುತ್ತದೆ.

ಈ ಸಾಲು ತಲೆಯಲ್ಲಿದ್ದರೆ ಅರ್ಧ ಫಾರ್ವರ್ಡುಗಳ ಗಂಟು ಅಲ್ಲೇ ಬಿಚ್ಚುತ್ತದೆ. ಹಿಡಕಲ್ ಗೇಟು ಮುಚ್ಚಿದ್ದರೂ ಹಿರಣ್ಯಕೇಶಿ ತುಂಬಿದರೆ ಫಾಲ್ಸ್ ತುಂಬಿ ಧುಮುಕಬಹುದು. ಹಾಗಾಗಿ ‘ಫಾಲ್ಸ್ ನೋಡ್ರಿ, ಡ್ಯಾಮ್ ಬಿಟ್ಟಾರ’ ಎನ್ನುವುದು ಬರೀ ಊಹೆ. ಮಾರ್ಕಂಡೇಯದ ನೀರು ಫಾಲ್ಸ್ ಮೇಲೆ ಹಾಯುವುದೇ ಇಲ್ಲ, ಆದ್ದರಿಂದ ಫಾಲ್ಸ್ ಫೋಟೋ ಸಾಧಾರಣ ಕಂಡ ದಿನವೂ ಊರ ಬಳಿ ನೀರು ಏರಬಹುದು. ಹುಕ್ಕೇರಿಯಲ್ಲಿ ತೆಗೆದ ಗೇಟಿನ ಚಿತ್ರದ ನೀರು ಮೂಡಲಗಿ ಕಡೆ ಮುಟ್ಟಲು ತಾಸುಗಟ್ಟಲೆ ಬೇಕು. ಫೋಟೋ ಮಾತ್ರ ಸೆಕೆಂಡಿನಲ್ಲಿ ಮುಟ್ಟುತ್ತದೆ.

ಫೈಲಿನ ಹೆಸರಿನಲ್ಲಿರುವ ತಾರೀಖು ನಂಬಬಹುದೇ?

ಬಹಳ ಮಂದಿ ಇಲ್ಲೇ ಎಡವುತ್ತಾರೆ. ಆಂಡ್ರಾಯ್ಡ್ ಮೊಬೈಲಿನಲ್ಲಿ ವಾಟ್ಸ್‌ಆ್ಯಪ್ ಚಿತ್ರದ ಹೆಸರು ‘ಐಎಂಜಿ’ ಎಂದು ಶುರುವಾಗಿ, ನಡುವೆ 20240728ರಂಥ ಎಂಟು ಅಂಕಿ, ಕೊನೆಗೆ ‘ಡಬ್ಲ್ಯೂಎ’ ಎಂದು ಇರುತ್ತದೆ. ಆ ಎಂಟು ಅಂಕಿ ಫೋಟೋ ತೆಗೆದ ದಿನವಲ್ಲ, ವಾಟ್ಸ್‌ಆ್ಯಪ್‌ನಲ್ಲಿ ಬಂದ ದಿನ. 2019ರ ಪ್ರವಾಹದ ಚಿತ್ರವನ್ನು ಇವತ್ತು ಯಾರಾದರೂ ಕಳಿಸಿದರೆ ಹೆಸರಿನಲ್ಲಿ ಇವತ್ತಿನ ತಾರೀಖೇ ಬರುತ್ತದೆ. ಗ್ಯಾಲರಿ ತೆರೆದು ‘ನೋಡ್ರಿ, ಇವತ್ತಿಂದೇ ಐತಿ’ ಎಂದು ತೋರಿಸುವವರು ಸುಳ್ಳು ಹೇಳುತ್ತಿಲ್ಲ, ಮೊಬೈಲು ಹೇಳಿದ್ದನ್ನು ತಪ್ಪಾಗಿ ಓದುತ್ತಿದ್ದಾರೆ.

ಕ್ಯಾಮೆರಾ ಬರೆದಿಡುವ ನಿಜವಾದ ಮಾಹಿತಿ ಬೇರೆಯೇ ಇದೆ. ಅದಕ್ಕೆ ಎಕ್ಸಿಫ್ ಎನ್ನುತ್ತಾರೆ. ತೆಗೆದ ದಿನ, ಸಮಯ, ಮೊಬೈಲಿನ ಮಾಡೆಲ್, ಶಟರ್ ವೇಗ, ಲೊಕೇಶನ್ ಆನ್ ಇದ್ದರೆ ಜಾಗ ಕೂಡ ಫೋಟೋದೊಳಗೇ ಇರುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಆಗಿ ಕಳಿಸಿದಾಗ ಚಿತ್ರ ಕುಗ್ಗುತ್ತದೆ, ಈ ಮಾಹಿತಿಯೂ ಬಹುತೇಕ ಅಳಿಸಿ ಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಉಳಿಯುತ್ತದೆ. ಆದರೆ ಅದರಲ್ಲೂ ಎಚ್ಚರ ಬೇಕು: ಎಕ್ಸಿಫ್ ತಿದ್ದಲು ಬರುತ್ತದೆ, ಮೊಬೈಲಿನ ತಾರೀಖೇ ತಪ್ಪಿದ್ದರೆ ಅದೂ ತಪ್ಪೇ ಬರೆಯುತ್ತದೆ. ಇನ್ನೊಂದು ಮಾತು, ಮನೆ ಅಂಗಳದಲ್ಲಿ ತೆಗೆದ ಮಕ್ಕಳ ಫೋಟೋವನ್ನು ಡಾಕ್ಯುಮೆಂಟ್ ಮಾಡಿ ಗ್ರೂಪಿಗೆ ಹಾಕಿದರೆ ಮನೆಯ ಜಾಗವೂ ಜೊತೆಗೆ ಹೋಗಬಹುದು. ಫಾಲ್ಸಿಗೆ ಒಳ್ಳೆಯದು ಮನೆಗೆ ಒಳ್ಳೆಯದಲ್ಲ.

ಎರಡು ಬಾಣದ ಗುರುತು ಕಂಡರೆ ಆ ಮೆಸೇಜು ಕನಿಷ್ಠ ಐದು ಕೈ ದಾಟಿ ಬಂದಿದೆ ಎಂದರ್ಥ. ಅಂಥದನ್ನು ಒಮ್ಮೆಗೆ ಒಂದೇ ಚಾಟಿಗೆ ಕಳಿಸಲು ಬರುವಂತೆ 2020ರಲ್ಲಿ ವಾಟ್ಸ್‌ಆ್ಯಪ್ ಮಿತಿ ಹಾಕಿತು. ‘ಇವತ್ತ ಮುಂಜಾನೆ’ ಎಂಬ ಸಾಲಿನ ಮೇಲೆ ಎರಡು ಬಾಣ ಇದ್ದರೆ, ಕಳಿಸಿದವರು ಹೊಳೆ ದಂಡೆಯ ಮೇಲೆ ನಿಂತಿಲ್ಲ ಎನ್ನುವುದಂತೂ ಖಾತ್ರಿ.

‘ಎಡಿಟ್ ಮಾಡಿಲ್ಲ, ಖರೇ ಫೋಟೋ’

ಹವ್ಯಾಸಿಗಳ ನಡುವೆ ಮುಗಿಯದ ಜಗಳ ಇದು. ಒಬ್ಬರ ಚಿತ್ರದಲ್ಲಿ ನೀರು ರೇಷ್ಮೆ ಸೀರೆ ಹಾಸಿದಂತೆ ನುಣ್ಣಗೆ, ಇನ್ನೊಬ್ಬರ ಚಿತ್ರದಲ್ಲಿ ಹನಿ ಹನಿಯೂ ಬೇರೆ. ಒಂದು ಸುಳ್ಳು ಎನ್ನುವ ಹಾಗಿಲ್ಲ.

ಲೆಕ್ಕ ಹಾಕಿ ನೋಡೋಣ. ಜಲಪಾತದ ಎತ್ತರ ಸುಮಾರು 52 ಮೀಟರ್. ಗಾಳಿಯ ತಡೆ ಬಿಟ್ಟರೆ, ಮೇಲಿಂದ ಬಿದ್ದ ನೀರು ಸುಮಾರು 3.3 ಸೆಕೆಂಡಿನಲ್ಲಿ ಬುಡ ಮುಟ್ಟುತ್ತದೆ. ಆಗ ಅದರ ವೇಗ ಸೆಕೆಂಡಿಗೆ 32 ಮೀಟರ್, ಅಂದರೆ ಗಂಟೆಗೆ ಸುಮಾರು 115 ಕಿಲೋಮೀಟರ್. ಶಟರ್ ಸೆಕೆಂಡಿನ ಸಾವಿರದ ಒಂದು ಭಾಗ ಮಾತ್ರ ತೆರೆದಿದ್ದರೆ ಅಷ್ಟರಲ್ಲಿ ನೀರು ಸರಿಯುವುದು ಮೂರು ಸೆಂಟಿಮೀಟರ್, ಹಾಗಾಗಿ ಹನಿ ಕಲ್ಲಿನಂತೆ ನಿಂತು ಕಾಣುತ್ತದೆ. ಅರ್ಧ ಸೆಕೆಂಡು ತೆರೆದಿದ್ದರೆ ಅದೇ ನೀರು ಸುಮಾರು 15 ಮೀಟರ್ ಇಳಿದಿರುತ್ತದೆ, ಆ ಇಡೀ ದಾರಿ ಒಂದೇ ಬಿಳಿ ಪಟ್ಟಿಯಾಗಿ ಬೀಳುತ್ತದೆ. ನಮ್ಮ ಕಣ್ಣು ಕಾಣುವುದು ಇವೆರಡೂ ಅಲ್ಲ. ರೇಷ್ಮೆ ನೀರಿನ ಚಿತ್ರ ನೋಡಿ ‘ಹೊಳೆ ಶಾಂತ ಐತಿ’ ಎಂದು ತಿಳಿಯುವುದು ಮಾತ್ರ ದೊಡ್ಡ ತಪ್ಪು.

ಬಣ್ಣದ ಮಾತೂ ಅಷ್ಟೇ. ಮಳೆಗಾಲದ ಮೊದಲ ನೀರು ಮಣ್ಣು ಹೊತ್ತು ತರುವುದರಿಂದ ಕೆಂಪು ಮಿಶ್ರಿತ ಕಂದು ಬಣ್ಣದ್ದಾಗಿರುತ್ತದೆ, ಅದು ಎಡಿಟ್ ಅಲ್ಲ. ಬದಲಿಗೆ ಪ್ರವಾಹದ ದಿನದ್ದು ಎಂದು ಬಂದ ಚಿತ್ರದಲ್ಲಿ ನೀರು ನೀಲಿ-ಬಿಳಿ ಇದ್ದರೆ ನಮಗೆ ಅನುಮಾನ ಬರುತ್ತದೆ. ಇನ್ನು ‘ಎಡಿಟ್ ಮಾಡಿಲ್ಲ’ ಎಂಬ ಹೆಮ್ಮೆ. ಈಗಿನ ಮೊಬೈಲುಗಳು ಬಟನ್ ಒತ್ತಿದಾಗ ಹಲವು ಚಿತ್ರ ತೆಗೆದು, ಕೂಡಿಸಿ, ಮೋಡ ಗಾಢ ಮಾಡಿ, ಹುಲ್ಲಿನ ಹಸಿರು ಏರಿಸಿಯೇ ಕೈಗೆ ಕೊಡುತ್ತವೆ. ನೀವು ಮಾಡದಿದ್ದರೂ ಮೊಬೈಲು ಮಾಡಿರುತ್ತದೆ.

ನಿಜಕ್ಕೂ ಕೃತಕ ಚಿತ್ರ ಹಿಡಿಯಲು ನಮಗೆ ಇಷ್ಟವಾದ ಗುರುತು ಕಾಮನಬಿಲ್ಲು. ಅದು ಯಾವಾಗಲೂ ಸೂರ್ಯನ ಎದುರು ದಿಕ್ಕಿನಲ್ಲಿ ಮೂಡುತ್ತದೆ, ಸೂರ್ಯ ನಮ್ಮ ಬೆನ್ನ ಹಿಂದೆ ಇರಲೇಬೇಕು. ಜಲಪಾತದ ತುಂತುರಿನಲ್ಲಿ ಕಾಮನಬಿಲ್ಲು, ಅದರ ಪಕ್ಕದಲ್ಲೇ ಉದಯಿಸುವ ಸೂರ್ಯ, ಎರಡೂ ಒಂದೇ ಚೌಕಟ್ಟಿನಲ್ಲಿದ್ದರೆ ಯಾರೋ ಕೂತು ಅಂಟಿಸಿದ್ದಾರೆ, ಇಲ್ಲವೇ ಎಐ ಬರೆದಿದೆ. ತೂಗು ಸೇತುವೆ, ದಂಡೆಯ ಹಳೇ ಮಹಾಲಿಂಗೇಶ್ವರ ಗುಡಿ, ಬಂಡೆಯ ಏಣುಗಳನ್ನೂ ಎಐ ಸರಿಯಾಗಿ ಬರೆಯುವುದು ಕಡಿಮೆ. ಇದರಲ್ಲಿ ಬೆಂಗಳೂರಿನಲ್ಲಿ ಕೂತ ಫ್ಯಾಕ್ಟ್‌ಚೆಕ್ ಮಂದಿಗಿಂತ ಗೋಕಾಕದ ಹುಡುಗರ ಕಣ್ಣು ಚುರುಕು.

ಝೂಮ್ ಮಾಡುವ ಮೋಸ

ಇದನ್ನು ಸ್ವಲ್ಪ ನಿಧಾನ ಓದಿ, ಏಕೆಂದರೆ ಇದರಲ್ಲಿ ಜೀವದ ಪ್ರಶ್ನೆ ಇದೆ.

ಒಬ್ಬ ಹುಡುಗ ಬಂಡೆಯ ಮೇಲೆ ನಿಂತಿದ್ದಾನೆ, ಅವನ ಹಿಂದೆ 20 ಮೀಟರ್ ದೂರದಲ್ಲಿ ನೀರು ಧುಮುಕುವ ಅಂಚು ಇದೆ ಎನ್ನಿ. ನೀವು ಹುಡುಗನಿಂದ 20 ಮೀಟರ್ ದೂರ ನಿಂತು ತೆಗೆದರೆ ಅಂಚು ಅವನಿಗಿಂತ ಎರಡು ಪಟ್ಟು ದೂರ ಇರುತ್ತದೆ, ಅಲ್ಲಿರುವುದೆಲ್ಲ ಅರ್ಧ ಅಳತೆಯಲ್ಲಿ ಕಾಣುತ್ತದೆ, ನಡುವಿನ ಅಂತರ ಗೊತ್ತಾಗುತ್ತದೆ. 400 ಮೀಟರ್ ದೂರ ಹೋಗಿ ಝೂಮ್ ಮಾಡಿದರೆ? ಹುಡುಗ 400ರಲ್ಲಿ, ಅಂಚು 420ರಲ್ಲಿ. ಎರಡೂ ಹೆಚ್ಚುಕಡಿಮೆ ಒಂದೇ ಅಳತೆ. ಹುಡುಗ ಅಂಚಿನ ಮೇಲೇ ನಿಂತಂತೆ ಕಾಣುತ್ತಾನೆ. ತೆಗೆದವರು ಮೋಸ ಮಾಡಿಲ್ಲ. ಆದರೆ ನೋಡಿದ ಇನ್ನೊಬ್ಬ ‘ಅಲ್ಲೀ ತನಕ ಹೋಗಬಹುದು’ ಎಂದು ತಿಳಿದು, ಮುಂದಿನ ಭಾನುವಾರ ಖರೇನೇ ಅಂಚಿಗೆ ಹೋಗುತ್ತಾನೆ. ಪಾಚಿ ಕಟ್ಟಿದ ಬಂಡೆ ಮಳೆಗಾಲದಲ್ಲಿ ಜಾರುತ್ತದೆ, ಮೇಲೆ ಎಲ್ಲೋ ಆದ ಮಳೆಗೆ ಇಲ್ಲಿ ನೀರು ಏರುತ್ತದೆ.

ತೂಗು ಸೇತುವೆಯ ಚಿತ್ರದಲ್ಲೂ ಇದೇ ಕತೆ. ನದಿಯ ಕಲ್ಲುಹಾಸಿನಿಂದ ಸುಮಾರು 14 ಮೀಟರ್ ಎತ್ತರದಲ್ಲಿರುವ ಸೇತುವೆಯನ್ನು ದೂರದಿಂದ ಝೂಮ್ ಹಾಕಿ ತೆಗೆದಾಗ ಹಿಂದಿನ ಅಲೆಗಳೆಲ್ಲ ಒಂದರ ಮೇಲೊಂದು ಒಟ್ಟಿದಂತಾಗಿ, ಹೊಳೆ ಗೋಡೆಯಂತೆ ಎದ್ದು ಬರುತ್ತಿರುವ ಹಾಗೆ ಕಾಣುತ್ತದೆ. ಮೊಬೈಲಿನ 0.5 ಎಕ್ಸ್ ವೈಡ್ ಲೆನ್ಸ್ ಹಾಕಿದರೆ ಅದೇ ಹೊಳೆ ದೂರದ ಕಾಲುವೆಯಷ್ಟೇ. ನೀರಿನ ಮಟ್ಟ ಅಳೆಯಬೇಕಾದರೆ ಚಿತ್ರದಲ್ಲಿ ನೀರಿನ ಪಕ್ಕದಲ್ಲೇ ಇರುವ ಗುರುತು ನೋಡಿ: ಸೇತುವೆ ಕಂಬದ ಎಷ್ಟು ಭಾಗ ಕಾಣುತ್ತದೆ, ಯಾವ ಮೆಟ್ಟಿಲು ಮುಳುಗಿದೆ.

‘ಕರ್ನಾಟಕದ ನಯಾಗರಾ’ ಎಂಬ ಹೋಲಿಕೆಗೆ ಕಾರಣ ಕುದುರೆ ಲಾಳದ ಆಕಾರ. ಎತ್ತರದಲ್ಲೂ ದೊಡ್ಡ ವ್ಯತ್ಯಾಸವಿಲ್ಲ, ನಯಾಗರದ ಲಾಳದ ಭಾಗ ಸುಮಾರು 57 ಮೀಟರ್. ಅಗಲದಲ್ಲಿ ಮಾತ್ರ ನಮ್ಮದು 177 ಮೀಟರ್, ಅದು 600 ಮೀಟರ್‌ಗೂ ಹೆಚ್ಚು. ಬೇಸಿಗೆಯಲ್ಲಿ ಬಂದವರಿಗೆ ಇಲ್ಲಿ ಬಹುತೇಕ ಬರೀ ಬಂಡೆ ಕಾಣುತ್ತದೆ. ಆ ಬಂಡೆಯ ಫೋಟೋವನ್ನೂ ಹಾಕಿ ಎನ್ನುತ್ತೇವೆ, ಯಾರೂ ಹಾಕುವುದಿಲ್ಲ.

ಫೋಟೋ ಹಾಕುವವರಿಗೆ, ಮುಂದಕ್ಕೆ ಕಳಿಸುವವರಿಗೆ

ಹವ್ಯಾಸಿಗಳೇ, ಸಾಲಿನಲ್ಲಿ ‘ಇವತ್ತ’ ಎಂದು ಬರೆಯಬೇಡಿ, ತಾರೀಖು ಬರೆಯಿರಿ. ಅದಕ್ಕಿಂತ ಒಳ್ಳೆಯದು, ಚಿತ್ರದ ಮೂಲೆಯಲ್ಲೇ ದಿನ, ಸಮಯ, ಜಾಗ ಹಾಕಿ. ಸಾಲು ಉದುರುತ್ತದೆ, ಮೂಲೆಯ ಅಕ್ಷರ ಉದುರುವುದಿಲ್ಲ. ಝೂಮ್ ಹಾಕಿದ್ದರೆ ಜೊತೆಗೊಂದು ವೈಡ್ ಚಿತ್ರವೂ ಇರಲಿ. ಚಳಿಗಾಲದಲ್ಲಿ ಘಟಪ್ರಭಾ ಪಕ್ಷಿಧಾಮಕ್ಕೆ ವಲಸೆ ಹಕ್ಕಿ ಹಿಡಿಯಲು ಹೋಗುವವರು ಮಾತ್ರ ಉಲ್ಟಾ ಮಾಡಿ: ಹಕ್ಕಿಯ ಚಿತ್ರಕ್ಕೆ ನಿಖರ ಜಾಗ ಹಾಕಬೇಡಿ, ಮರುದಿನ ಅಲ್ಲಿ ಜಾತ್ರೆ ಸೇರುತ್ತದೆ. (ಹಿಡಿಯುವುದು ಎಂದರೆ ಕ್ಯಾಮೆರಾದಲ್ಲಿ!)

ಕಳಿಸುವವರು ಮೊದಲು ಆ ಚಿತ್ರವನ್ನು ಗೂಗಲ್ ಲೆನ್ಸ್‌ನಲ್ಲಿ ಹಾಕಿ ನೋಡಿ, ಹಳೇ ಸುದ್ದಿಯಲ್ಲಿ ಅದೇ ಚಿತ್ರ ಸಿಕ್ಕರೆ ಅಲ್ಲಿಗೆ ಮುಗಿಯಿತು. ಸಿಗದಿದ್ದರೆ ಹೊಸದು ಎಂದು ತಿಳಿಯಬೇಡಿ, ಗೂಗಲ್‌ಗೆ ಎಲ್ಲರ ಮನೆಯ ಗ್ಯಾಲರಿ ಗೊತ್ತಿಲ್ಲ. ‘ನೀನ ತಗದಿದ್ದೇನು?’ ಎಂದು ಕಳಿಸಿದವರನ್ನೇ ಕೇಳಿ. ಹೊಳೆ ಏರುತ್ತಿರುವ ಭಯವಿದ್ದರೆ ಫೋಟೋ ಪರೀಕ್ಷೆ ಮಾಡುತ್ತ ಕೂರದೆ ಜಿಲ್ಲಾ ತುರ್ತು ಸಹಾಯವಾಣಿ 1077ಕ್ಕೆ ಅಥವಾ ತಹಶೀಲ್ದಾರ್ ಕಚೇರಿಗೆ ಕರೆ ಮಾಡಿ.

ಇನ್ನೊಂದು ಆಸೆ. ಹಿಮನದಿಗಳು ಕರಗುವುದನ್ನು ತೋರಿಸಲು ವಿಜ್ಞಾನಿಗಳು ಒಂದೇ ಜಾಗದಲ್ಲಿ ನಿಂತು, ಒಂದೇ ಚೌಕಟ್ಟಿನಲ್ಲಿ, ವರ್ಷ ವರ್ಷ ಚಿತ್ರ ತೆಗೆಯುತ್ತಾರೆ. ಗುಡಿಯ ಕಡೆಯಿಂದ ಸುರಕ್ಷಿತವಾದ ಒಂದು ಜಾಗ ಗೊತ್ತು ಮಾಡಿಕೊಂಡು, ಪ್ರತಿ ತಿಂಗಳ ಒಂದನೇ ತಾರೀಖು ಫಾಲ್ಸಿನ ಒಂದೇ ಚಿತ್ರ ತೆಗೆಯುವವರು ಯಾರಾದರೂ ಇದ್ದರೆ ನಮಗೆ ತಿಳಿಸಿ. ತಾರೀಖಿನ ಸಮೇತ ಹಾಕುತ್ತೇವೆ, ಬೇಸಿಗೆಯ ಬಂಡೆಯನ್ನೂ ಬಿಡದೆ.