ಕೊಪ್ಪಳ ಜಿಲ್ಲೆಯಲ್ಲಿ ಕುಟುಂಬ ಮಟ್ಟದ ವಿಪತ್ತು ಸಿದ್ಧತೆ

ಕುಟುಂಬ ಮಟ್ಟದ ವಿಪತ್ತು ಸಿದ್ಧತೆ ಎಂದರೆ ಪ್ರವಾಹ, ಮನೆ ಕುಸಿತ, ಸಿಡಿಲು, ಬರ, ಬಿಸಿಗಾಳಿ ಮೊದಲಾದ ಅವಘಡಗಳು ಒದಗುವ ಮುನ್ನವೇ ಒಂದು ಮನೆಯವರು ಪ್ರಾಣ, ಜಾನುವಾರು, ಆಹಾರ ಮತ್ತು ದಾಖಲೆಗಳ ರಕ್ಷಣೆಗಾಗಿ ಮಾಡಿಕೊಳ್ಳುವ ವ್ಯವಸ್ಥೆ. ಭಾರತದಲ್ಲಿ ವಿಪತ್ತು ನಿರ್ವಹಣೆಗೆ 2005ರ ವಿಪತ್ತು ನಿರ್ವಹಣಾ ಕಾಯ್ದೆ ಆಧಾರವಾಗಿದ್ದು, ಜಿಲ್ಲಾ ಮಟ್ಟದಲ್ಲಿ ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಪ್ರಾಧಿಕಾರವು ಇದರ ಹೊಣೆ ಹೊತ್ತಿದೆ. ಆದರೆ ರಕ್ಷಣಾ ತಂಡ ಸ್ಥಳಕ್ಕೆ ತಲುಪುವವರೆಗಿನ ಅವಧಿಯಲ್ಲಿ ನೆರವಿಗೆ ಬರುವವರು ಮನೆಯವರು ಮತ್ತು ನೆರೆಹೊರೆಯವರೇ ಆಗಿರುತ್ತಾರೆ. ಕೊಪ್ಪಳ ಜಿಲ್ಲೆಯಲ್ಲಿ ನದಿದಂಡೆಯ ಮತ್ತು ಒಣಭೂಮಿಯ ಮನೆಗಳ ಅಪಾಯಗಳು ಪರಸ್ಪರ ಭಿನ್ನವಾಗಿರುವುದರಿಂದ, ಎಲ್ಲ ಮನೆಗಳಿಗೂ ಒಂದೇ ಬಗೆಯ ಸಿದ್ಧತೆ ಸಾಲುವುದಿಲ್ಲ.

ಭೌಗೋಳಿಕ ಹಿನ್ನೆಲೆ

ಕೊಪ್ಪಳ ಜಿಲ್ಲೆಯು 1997ರಲ್ಲಿ ರಾಯಚೂರು ಜಿಲ್ಲೆಯಿಂದ ಬೇರ್ಪಟ್ಟು ರಚನೆಯಾಯಿತು. ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ಇದರ ಮೂಲ ತಾಲ್ಲೂಕುಗಳು. ನಂತರ ಕಾರಟಗಿ, ಕನಕಗಿರಿ ಮತ್ತು ಕುಕನೂರು ಹೊಸ ತಾಲ್ಲೂಕುಗಳಾದವು. ಜಿಲ್ಲೆಯ ದಕ್ಷಿಣದ ಅಂಚಿನಲ್ಲಿ ತುಂಗಭದ್ರಾ ನದಿ ಹರಿಯುತ್ತದೆ. ಎಡದಂಡೆ ಕಾಲುವೆಯ ನೀರಿನಿಂದ ಗಂಗಾವತಿ ಮತ್ತು ಕಾರಟಗಿ ಭಾಗಗಳಲ್ಲಿ ಭತ್ತ ಬೆಳೆಯಲಾಗುತ್ತದೆ. ಕುಷ್ಟಗಿ ಮತ್ತು ಯಲಬುರ್ಗಾ ತಾಲ್ಲೂಕುಗಳ ಬಹುಭಾಗ ಮಳೆಯನ್ನೇ ನಂಬಿದ ಒಣಭೂಮಿ. ಕೋಟೆಯಿಂದ ಹೆಸರಾದ ಹೇಮಗುಡ್ಡವು ಗಂಗಾವತಿ ತಾಲ್ಲೂಕಿನಲ್ಲಿಯೇ ಇದ್ದರೂ ಬಂಡೆಗುಡ್ಡಗಳ ನಡುವೆ ನೆಲೆಗೊಂಡಿದೆ. ಹೀಗಾಗಿ ಒಂದೇ ತಾಲ್ಲೂಕಿನೊಳಗೆ ಕೂಡ ಒಂದು ಹಳ್ಳಿಗೆ ನದಿಯ ಏರಿಕೆ ಅಪಾಯವಾದರೆ, ಮತ್ತೊಂದಕ್ಕೆ ಸಿಡಿಲು ಮತ್ತು ನೀರಿನ ಕೊರತೆ ಅಪಾಯವಾಗುತ್ತದೆ.

ನದಿದಂಡೆಯ ಅಪಾಯಗಳು

ಮುನಿರಾಬಾದ್ ಬಳಿಯ ತುಂಗಭದ್ರಾ ಅಣೆಕಟ್ಟಿಗೆ 33 ಕ್ರಸ್ಟ್ ಗೇಟುಗಳಿವೆ. ಇದರ ಜಲಾನಯನ ಪ್ರದೇಶದ ಮುಖ್ಯ ಭಾಗ ಮಲೆನಾಡಿನಲ್ಲಿದೆ. ಆದ್ದರಿಂದ ಗಂಗಾವತಿಯಲ್ಲಿ ಒಂದು ಹನಿ ಮಳೆಯೂ ಬೀಳದ ದಿನ ನದಿ ಉಕ್ಕಿ ಹರಿಯಬಹುದು. ಆಕಾಶ ನೋಡಿ ಪ್ರವಾಹವನ್ನು ಅಂದಾಜಿಸುವುದು ಇಲ್ಲಿ ಸಾಧ್ಯವಿಲ್ಲ. ಜಲಾಶಯದಿಂದ ಬಿಡುಗಡೆಯಾಗುವ ನೀರಿನ ಪ್ರಮಾಣವೇ ಮುಖ್ಯ ಸೂಚನೆ. ಇದನ್ನು ಕ್ಯೂಸೆಕ್‌ಗಳಲ್ಲಿ ಪ್ರಕಟಿಸಲಾಗುತ್ತದೆ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28.3 ಲೀಟರ್ ನೀರು.

ಹೊರಹರಿವು ಹೆಚ್ಚಿದಾಗ ಗಂಗಾವತಿ ಮತ್ತು ಕಂಪ್ಲಿ ನಡುವಿನ ಸೇತುವೆ ಮುಳುಗಿ ಸಂಚಾರ ಸ್ಥಗಿತಗೊಳ್ಳುತ್ತದೆ. ಆನೆಗೊಂದಿ ಬಳಿಯ ನವಬೃಂದಾವನ ನಡುಗಡ್ಡೆಯೂ ಜಲಾವೃತವಾಗುತ್ತದೆ. 2019ರ ಆಗಸ್ಟ್‌ನಲ್ಲಿ ವಿರೂಪಾಪುರ ಗಡ್ಡಿಯನ್ನು ನೀರು ಸುತ್ತುವರಿದಾಗ ಅಲ್ಲಿ ಸಿಲುಕಿದ್ದ ಪ್ರವಾಸಿಗರನ್ನು ದೋಣಿ ಹಾಗೂ ಹೆಲಿಕಾಪ್ಟರ್‌ಗಳ ನೆರವಿನಿಂದ ಹೊರತರಲಾಯಿತು.

2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೇ ಕ್ರಸ್ಟ್ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ತೆರೆದು ನೀರು ಹೊರಬಿಡಲಾಯಿತು ಮತ್ತು ನದಿಪಾತ್ರದ ಜನರಿಗೆ ಎಚ್ಚರಿಕೆ ನೀಡಲಾಯಿತು. ಸುಮಾರು ಒಂದು ವಾರದಲ್ಲಿ ಆ ಜಾಗಕ್ಕೆ ಸ್ಟಾಪ್‌ಲಾಗ್‌ಗಳನ್ನು ಇಳಿಸಿ ಹರಿವನ್ನು ತಡೆಯಲಾಯಿತು. ಮುನ್ಸೂಚನೆಯಿಲ್ಲದೆ ನಡುರಾತ್ರಿಯಲ್ಲಿಯೂ ಹೊರಹರಿವು ಏರಬಹುದು ಎಂಬುದಕ್ಕೆ ಈ ಘಟನೆ ನಿದರ್ಶನ.

ನದಿದಂಡೆಯ ಮನೆಯವರು ಎತ್ತರದ ತಂಗುದಾಣ, ಅಲ್ಲಿಗೆ ಹೋಗುವ ದಾರಿ ಹಾಗೂ ಆ ದಾರಿ ಮುಳುಗಿದರೆ ಬಳಸಬೇಕಾದ ಮತ್ತೊಂದು ದಾರಿಯನ್ನು ಮಳೆಗಾಲಕ್ಕೆ ಮುನ್ನ ನಿಶ್ಚಯಿಸಿಕೊಳ್ಳಬೇಕು. ಡಂಗುರ, ಧ್ವನಿವರ್ಧಕ ಅಥವಾ ಮೊಬೈಲ್ ಮೂಲಕ ಎಚ್ಚರಿಕೆ ಬಂದಾಗ ವೃದ್ಧರು, ಗರ್ಭಿಣಿಯರು, ಮಕ್ಕಳು ಮತ್ತು ಅಂಗವಿಕಲರನ್ನು ಮೊದಲು ಕಳುಹಿಸಬೇಕು. ದನಕರುಗಳನ್ನು ಎತ್ತರಕ್ಕೆ ಹೊಡೆಯಬೇಕು. ಅದು ಸಾಧ್ಯವಾಗದಿದ್ದರೆ ಹಗ್ಗ ಬಿಚ್ಚಿ ಬಿಡಬೇಕು, ಏಕೆಂದರೆ ಕಟ್ಟಿದ ಜಾನುವಾರು ಈಜಿ ಪಾರಾಗಲಾರದು. ನದಿಗೆ ಹಾಕಿದ ಪಂಪ್‌ಸೆಟ್‌ಗಳನ್ನು ಎಚ್ಚರಿಕೆ ಬರುವ ಮೊದಲೇ ಮೇಲೆತ್ತುವುದು ಕ್ಷೇಮ. ನೀರು ಏರತೊಡಗಿದ ಮೇಲೆ ಮೋಟಾರು ತರಲು ಇಳಿಯುವುದು ಪ್ರಾಣಾಪಾಯಕರ.

ಒಣಭೂಮಿಯ ಅಪಾಯಗಳು

ಮಣ್ಣಿನ ಮಾಳಿಗೆಯ ಕುಸಿತ

ಕುಷ್ಟಗಿ ಮತ್ತು ಯಲಬುರ್ಗಾ ಭಾಗದ ಹಳೆಯ ಮನೆಗಳಲ್ಲಿ ಮಣ್ಣು ಅಥವಾ ಕಲ್ಲುಮಣ್ಣಿನ ಗೋಡೆಗಳ ಮೇಲೆ ತೊಲೆ, ಜಂತಿಗಳನ್ನು ಹೊಂದಿಸಿ ಮಣ್ಣು ಹಾಸಿದ ಮಾಳಿಗೆ ಇರುತ್ತದೆ. ಬಿಸಿಲಿನ ತಾಪ ತಡೆಯಲು ಇದು ಸೂಕ್ತವಾದರೂ ಎಡೆಬಿಡದ ಮಳೆಯನ್ನು ತಡೆಯಲಾರದು. ಮಾಳಿಗೆಯ ಮಣ್ಣು ನೀರು ಹೀರಿ ಭಾರವಾಗುತ್ತದೆ. ಅದೇ ಹೊತ್ತಿಗೆ ಗೋಡೆ ನೆನೆದು ಬಲ ಕಳೆದುಕೊಳ್ಳುತ್ತದೆ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ವಾರದ ಮಳೆಯಲ್ಲಿ ಉತ್ತರ ಕರ್ನಾಟಕದಲ್ಲಿ 200ಕ್ಕೂ ಹೆಚ್ಚು ಜನರು ಮೃತಪಟ್ಟರು. ಅವರಲ್ಲಿ ಅನೇಕರು ಮನೆ ಕುಸಿತಕ್ಕೆ ಬಲಿಯಾದವರು. ಮಳೆಗೆ ಹೆದರಿ ಒಳಗೆ ಉಳಿಯುವುದೇ ಇಂಥ ಮನೆಗಳಲ್ಲಿ ಅಪಾಯವಾಗಿ ಪರಿಣಮಿಸುತ್ತದೆ.

ಗೋಡೆ ಉಬ್ಬುವುದು, ಹೊಸ ಬಿರುಕು ಮೂಡುವುದು, ತೊಲೆ ಬಾಗುವುದು, ಮಾಳಿಗೆಯಿಂದ ಮಣ್ಣು ಉದುರುವುದು ಮತ್ತು ಬಾಗಿಲು ಇದ್ದಕ್ಕಿದ್ದಂತೆ ಬಿಗಿಯಾಗುವುದು ಕುಸಿತದ ಮುನ್ಸೂಚನೆಗಳು. ಇವು ಕಂಡಾಗ ಹಗಲಿರಲಿ ರಾತ್ರಿಯಿರಲಿ ಮನೆಯಿಂದ ಹೊರಬಂದು ಶಾಲೆ, ಸಮುದಾಯ ಭವನ ಅಥವಾ ಗಟ್ಟಿಮುಟ್ಟಾದ ಬೇರೊಂದು ಮನೆಗೆ ಹೋಗಬೇಕು. ಬೇಸಿಗೆಯಲ್ಲಿಯೇ ಮಾಳಿಗೆಯ ಇಳಿಜಾರು ಸರಿಪಡಿಸಿ, ನೀರು ಹೊರಹೋಗುವ ಕೊಳವೆಗಳನ್ನು ತೆರವುಗೊಳಿಸಿ, ಹುಳು ತಿಂದ ತೊಲೆಗಳನ್ನು ಬದಲಿಸಬೇಕು. ಹಳೆಯ ಮಣ್ಣನ್ನು ತೆಗೆಯದೆ ಪ್ರತಿವರ್ಷ ಹೊಸ ಮಣ್ಣು ಹಾಕುವುದರಿಂದ ಮಾಳಿಗೆಯ ಭಾರ ಹೆಚ್ಚುತ್ತಲೇ ಹೋಗುತ್ತದೆ.

ಸಿಡಿಲು

ಏಪ್ರಿಲ್ ಮತ್ತು ಮೇ ತಿಂಗಳ ಮುಂಗಾರುಪೂರ್ವ ಮಳೆಯಲ್ಲಿ ಸಿಡಿಲಿನ ಅಪಾಯ ಹೆಚ್ಚು. ಬಯಲಿನಲ್ಲಿರುವ ರೈತರು ಮತ್ತು ಕುರಿಗಾಹಿಗಳು ಇದಕ್ಕೆ ಸುಲಭವಾಗಿ ತುತ್ತಾಗುತ್ತಾರೆ. ಶಬ್ದವು ಒಂದು ಕಿಲೋಮೀಟರ್ ಚಲಿಸಲು ಸುಮಾರು 3 ಸೆಕೆಂಡು ತೆಗೆದುಕೊಳ್ಳುತ್ತದೆ. ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಸಿಡಿಲು 10 ಕಿಲೋಮೀಟರ್ ಒಳಗಿದೆ ಎಂದರ್ಥ. ಕೂಡಲೇ ಭದ್ರವಾದ ಕಟ್ಟಡ ಅಥವಾ ಮುಚ್ಚಿದ ವಾಹನದೊಳಗೆ ಹೋಗಿ, ಕೊನೆಯ ಗುಡುಗಿನ ನಂತರ 30 ನಿಮಿಷ ಕಾಯಬೇಕು. ಮರದಡಿ ನಿಲ್ಲಬಾರದು. ಸಿಡಿಲು ತಗುಲಿದವರ ಮೈಯಲ್ಲಿ ವಿದ್ಯುತ್ ಉಳಿದಿರುವುದಿಲ್ಲ. ಅವರನ್ನು ನಿರ್ಭಯವಾಗಿ ಮುಟ್ಟಿ, ಉಸಿರಾಟ ನಿಂತಿದ್ದರೆ ಎದೆ ಒತ್ತುವ ಪ್ರಥಮ ಚಿಕಿತ್ಸೆಯನ್ನು ತಕ್ಷಣ ಆರಂಭಿಸಬೇಕು.

ಹಳ್ಳಗಳು

ವರ್ಷದ ಬಹುಕಾಲ ಬತ್ತಿರುವ ಹಳ್ಳಗಳು ಮೇಲ್ಭಾಗದಲ್ಲಿ ಮಳೆಯಾದಾಗ ಅಲ್ಪಕಾಲದಲ್ಲೇ ತುಂಬಿ ಹರಿಯುತ್ತವೆ. ಮೊಣಕಾಲಿನವರೆಗಿನ ರಭಸದ ನೀರು ವಯಸ್ಕರನ್ನೂ ಕೆಡವಬಲ್ಲದು. ಸುಮಾರು 60 ಸೆಂಟಿಮೀಟರ್ ಆಳದ ನೀರು ಬಹುತೇಕ ಕಾರುಗಳನ್ನು ತೇಲಿಸುತ್ತದೆ. ಹಳ್ಳದ ನೀರು ಇಳಿಯುವವರೆಗೆ ಈಚೆಯ ದಡದಲ್ಲಿಯೇ ಉಳಿಯುವುದು ಸುರಕ್ಷಿತ.

ನೀರು ಮತ್ತು ಆಹಾರದ ದಾಸ್ತಾನು

ಕುಡಿಯಲು ಒಬ್ಬರಿಗೆ ದಿನಕ್ಕೆ ಸುಮಾರು 3 ಲೀಟರ್ ನೀರು ಬೇಕು. ಐದು ಜನರ ಕುಟುಂಬಕ್ಕೆ ಮೂರು ದಿನಗಳಿಗೆ ಇದು 45 ಲೀಟರ್, ಅಂದರೆ ಸುಮಾರು ಮೂರು ಕೊಡ. ಜಿಲ್ಲೆಯ ಹಲವು ಹಳ್ಳಿಗಳ ಅಂತರ್ಜಲದಲ್ಲಿ ಫ್ಲೋರೈಡ್ ಅಂಶ ಹೆಚ್ಚಿದೆ. ಕುದಿಸುವುದರಿಂದ ರೋಗಾಣುಗಳು ನಾಶವಾಗುತ್ತವೆಯೇ ಹೊರತು ಫ್ಲೋರೈಡ್ ಹೋಗುವುದಿಲ್ಲ. ಶುದ್ಧ ಕುಡಿಯುವ ನೀರಿನ ಘಟಕಗಳು ವಿದ್ಯುತ್ತನ್ನು ಅವಲಂಬಿಸಿರುವುದರಿಂದ, ಮಳೆಗಾಳಿಗೆ ವಿದ್ಯುತ್ ಕಡಿತವಾಗುವ ಮುನ್ನವೇ ಅಲ್ಲಿನ ನೀರನ್ನು ತುಂಬಿಟ್ಟುಕೊಳ್ಳುವುದು ಅವಶ್ಯ.

ಬರಕ್ಕಾಗಿ ಧಾನ್ಯ ಕೂಡಿಡುವ ರೂಢಿ ಈ ಭಾಗಕ್ಕೆ ಹೊಸದಲ್ಲ. 1791-92ರ ಡೋಗಿ ಬರ ಹಾಗೂ 1876-78ರ ಮಹಾಕ್ಷಾಮಗಳನ್ನು ಕಂಡ ಈ ಸೀಮೆಯಲ್ಲಿ, ಜೋಳವನ್ನು ನೆಲದೊಳಗಿನ ಹಗೇವುಗಳಲ್ಲಿ ತುಂಬಿಡಲಾಗುತ್ತಿತ್ತು. ಮುಚ್ಚಿದ ಹಗೇವಿನಲ್ಲಿ ಆಮ್ಲಜನಕ ಕುಂದಿ ಇಂಗಾಲದ ಡೈಆಕ್ಸೈಡ್ ಸಂಗ್ರಹವಾಗುವುದರಿಂದ ಹುಳುಗಳು ಬದುಕುವುದಿಲ್ಲ. ಅದೇ ಕಾರಣಕ್ಕೆ, ಬಾಯಿ ತೆರೆದು ಗಾಳಿಯಾಡಲು ಬಿಡದೆ ಒಳಗಿಳಿದ ಮನುಷ್ಯನೂ ಉಸಿರುಗಟ್ಟಿ ಸಾಯಬಹುದು. ಒಲೆ ಹಚ್ಚಲಾಗದ ದಿನಗಳಿಗೆ ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಅವಲಕ್ಕಿ, ಪುಠಾಣಿ ಮತ್ತು ಬೆಲ್ಲ ಉಪಯುಕ್ತ. ಇವು ಕೆಡದೆ ಬಹುದಿನ ಉಳಿಯುತ್ತವೆ ಮತ್ತು ಬೇಯಿಸುವ ಅಗತ್ಯವಿಲ್ಲ.

ತುರ್ತು ಚೀಲ ಮತ್ತು ಆರೋಗ್ಯ

ಎಲ್ಲರಿಗೂ ಗೊತ್ತಿರುವ ಒಂದೇ ಸ್ಥಳದಲ್ಲಿ ಇರಿಸುವ ಚೀಲದಲ್ಲಿ ಬ್ಯಾಟರಿ, ಮೊಬೈಲ್ ಪವರ್ ಬ್ಯಾಂಕ್, ಬೆಂಕಿಪೊಟ್ಟಣ, ಸೀಟಿ, ಹಗ್ಗ, ಸ್ವಲ್ಪ ನಗದು, ಬಟ್ಟೆ ಮತ್ತು ಪ್ರಥಮ ಚಿಕಿತ್ಸಾ ಸಾಮಗ್ರಿಗಳಿರಬೇಕು. ರಕ್ತದೊತ್ತಡ, ಮಧುಮೇಹದಂಥ ಕಾಯಿಲೆಗಳಿಗೆ ನಿತ್ಯ ಔಷಧ ಸೇವಿಸುವವರಿದ್ದರೆ ಕನಿಷ್ಠ ಒಂದು ವಾರದ ಮಾತ್ರೆಗಳನ್ನು ಜೊತೆಗಿಡಬೇಕು. ಆಧಾರ್, ಪಡಿತರ ಚೀಟಿ, ಪಹಣಿ ಮತ್ತು ಬ್ಯಾಂಕ್ ಪಾಸ್‌ಬುಕ್‌ಗಳ ಪ್ರತಿಗಳನ್ನು ನೀರು ತಾಗದ ಪ್ಲಾಸ್ಟಿಕ್ ಹೊದಿಕೆಯಲ್ಲಿ ಇಡಬೇಕು.

ಬಿಸಿಗಾಳಿ ಅಥವಾ ವಾಂತಿಭೇದಿಯಿಂದ ದೇಹದ ನೀರಿನಂಶ ಕುಗ್ಗಿದಾಗ ಓಆರ್‌ಎಸ್ ಕೊಡಬೇಕು. ಪೊಟ್ಟಣ ಲಭ್ಯವಿಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ 6 ಮಟ್ಟಸ ಟೀ ಚಮಚ ಸಕ್ಕರೆ ಮತ್ತು ಅರ್ಧ ಟೀ ಚಮಚ ಉಪ್ಪು ಬೆರೆಸಬಹುದು. ಮಳೆನೀರು ಬಿಲಗಳಿಗೆ ನುಗ್ಗಿದಾಗ ಹಾವುಗಳು ಮನೆ ಸೇರುತ್ತವೆ. ಹಾವು ಕಚ್ಚಿದಾಗ ಗಾಯವನ್ನು ಕೊಯ್ಯದೆ, ಬಿಗಿಯಾಗಿ ಕಟ್ಟದೆ, ಕಚ್ಚಿದ ಅಂಗವನ್ನು ಅಲುಗಾಡಿಸದೆ ಆಸ್ಪತ್ರೆಗೆ ಸಾಗಿಸಬೇಕು.

ಮುನ್ಸೂಚನೆ ಮತ್ತು ಸಹಾಯವಾಣಿಗಳು

1988ರಲ್ಲಿ ಬರ ನಿಗಾ ಘಟಕವಾಗಿ ಆರಂಭವಾದ ಸಂಸ್ಥೆಯೇ ಇಂದಿನ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. ಮಳೆ ಮತ್ತು ಹವಾಮಾನದ ಮಾಹಿತಿಯನ್ನು ಅದು ‘ವರುಣಮಿತ್ರ’ ಸಹಾಯವಾಣಿಯ ಮೂಲಕ ರೈತರಿಗೆ ನೀಡುತ್ತದೆ. ಸಿಡಿಲಿನ ಮುನ್ನೆಚ್ಚರಿಕೆಗೆ ‘ಸಿಡಿಲು’ ಮತ್ತು ‘ದಾಮಿನಿ’ ಎಂಬ ಮೊಬೈಲ್ ಆ್ಯಪ್‌ಗಳಿವೆ. ಪ್ರಮುಖ ದೂರವಾಣಿ ಸಂಖ್ಯೆಗಳು:

- 112: ಎಲ್ಲ ಬಗೆಯ ತುರ್ತು ನೆರವು
- 108: ಆಂಬುಲೆನ್ಸ್
- 101: ಅಗ್ನಿಶಾಮಕ ದಳ
- 1077: ಜಿಲ್ಲಾ ವಿಪತ್ತು ಸಹಾಯವಾಣಿ
- 1912: ವಿದ್ಯುತ್ ದೂರು, ತಂತಿ ಹರಿದು ಬಿದ್ದಾಗ
- 1906: ಅಡುಗೆ ಅನಿಲ ಸೋರಿಕೆ

ವಿಪತ್ತಿನ ನಂತರ

ನೆನೆದ ಮಣ್ಣಿನ ಗೋಡೆಗಳು ಮಳೆ ನಿಂತ ನಂತರವೂ ಉರುಳಬಹುದಾದ್ದರಿಂದ ಪರಿಶೀಲಿಸದೆ ಮನೆಯೊಳಗೆ ಮಲಗಬಾರದು. ಒದ್ದೆಯಾದ ವಿದ್ಯುತ್ ಸಂಪರ್ಕವನ್ನು ಮುಖ್ಯ ಸ್ವಿಚ್‌ನಲ್ಲಿ ಕಡಿತಗೊಳಿಸಿ, ಬಲ್ಲವರಿಂದ ಪರೀಕ್ಷಿಸಿದ ಬಳಿಕವೇ ಬಳಸಬೇಕು. ಮನೆ, ಬೆಳೆ ಅಥವಾ ಜಾನುವಾರು ಹಾನಿಯಾಗಿದ್ದರೆ ಸರ್ಕಾರದ ಪರಿಹಾರಕ್ಕಾಗಿ ಕಂದಾಯ ಇಲಾಖೆಯ ಸಮೀಕ್ಷೆ ನಡೆಯುತ್ತದೆ. ಅವಶೇಷಗಳನ್ನು ತೆರವುಗೊಳಿಸುವ ಮುನ್ನ ಛಾಯಾಚಿತ್ರ ತೆಗೆದು ಗ್ರಾಮ ಆಡಳಿತಾಧಿಕಾರಿಗೆ ತಿಳಿಸಬೇಕು. ಸತ್ತ ಜಾನುವಾರನ್ನು ಹೂಳುವ ಮೊದಲು ಪಶುವೈದ್ಯರಿಗೆ ಮಾಹಿತಿ ನೀಡಬೇಕು. ಈ ಸಾಕ್ಷ್ಯಗಳಿಲ್ಲದಿದ್ದರೆ ನಿಜವಾಗಿ ನಷ್ಟ ಅನುಭವಿಸಿದ ಕುಟುಂಬಕ್ಕೂ ಪರಿಹಾರ ದೊರೆಯುವುದು ಕಷ್ಟವಾಗುತ್ತದೆ.