ಎಣಿಕೆ, ತಮಾಷೆ ಮತ್ತು ಎರಡನೇ ಸಹಿ

ಲೈನಸ್ ಟೋರ್ವಾಲ್ಡ್ಸ್ 1991ರಲ್ಲಿ ಶುರು ಮಾಡಿದ ಲಿನಕ್ಸ್ ಬಳಗದಲ್ಲಿ ತಮಾಷೆಗೆ ಬರವಿಲ್ಲ. 2013ರಲ್ಲಿ 3.11ನೇ ಆವೃತ್ತಿಗೆ ಅವರಿಟ್ಟ ಹೆಸರು 'ಲಿನಕ್ಸ್ ಫಾರ್ ವರ್ಕ್‌ಗ್ರೂಪ್ಸ್'. ಮೈಕ್ರೋಸಾಫ್ಟಿನ ಹಳೆಯ ವಿಂಡೋಸ್ 3.11ರ ಕಾಲೆಳೆದದ್ದು!

2005ರಲ್ಲಿ ಗಿಟ್ ಬಂದ ಮೇಲೆ ಯಾರದು ಎಷ್ಟು ಪ್ಯಾಚ್ ಎಂದು ಎಣಿಸುವುದು ಸುಲಭವಾಯಿತು. ಎಣಿಕೆ ಏರಿದಂತೆ ಮರ್ಯಾದೆಯೂ ಏರುವುದು ಸಹಜ ತಾನೇ?

ಅಪಾಯವೂ ಅಲ್ಲೇ ಇದೆ ನೋಡಿ. ಅನೇಕ ಲಿನಕ್ಸ್ ಯಂತ್ರಗಳಲ್ಲಿರುವ ಎಕ್ಸ್‌ಝಡ್ ಎಂಬ ಪುಟ್ಟ ತಂತ್ರಾಂಶವನ್ನು ಬಹುಮಟ್ಟಿಗೆ ಒಬ್ಬರೇ, ಸಂಬಳವಿಲ್ಲದೆ ನೋಡಿಕೊಳ್ಳುತ್ತಿದ್ದರು. 'ಜಿಯಾ ಟಾನ್' ಎಂಬ ಹೆಸರಿನಲ್ಲಿ ಯಾರೋ ಎರಡು ವರ್ಷ ದುಡಿದು, ನಂಬಿಕೆ ಗಳಿಸಿ, ಉಸ್ತುವಾರಿಯಲ್ಲಿ ಪಾಲು ಪಡೆದು, 2024ರ ಫೆಬ್ರವರಿಯಲ್ಲಿ ಅದರೊಳಗೊಂದು ಕಳ್ಳಬಾಗಿಲು ಇಟ್ಟರು. ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆಯಲ್ಲ ಎಂದು ಕೆದಕಿದ ಆಂಡ್ರೆಸ್ ಫ್ರಾಯಿಂಡ್ ಮಾರ್ಚ್ 29ರಂದು ಅದನ್ನು ಬಯಲು ಮಾಡಿದರು. ದೊಡ್ಡ ಅನಾಹುತ ತಪ್ಪಿತು.

ನಮ್ಮ ಬ್ಯಾಂಕುಗಳಲ್ಲಿ ವೋಚರ್ ಬರೆದವರೇ ಪಾಸ್ ಮಾಡುವಂತಿಲ್ಲ. ಮೂವತ್ತು ವರ್ಷದ ಸರ್ವಿಸ್ ಇದ್ದರೂ ಅಷ್ಟೆ. ಲಿನಕ್ಸ್ ಕರ್ನಲ್‌ನಲ್ಲೂ 2004ರಿಂದ ಪ್ಯಾಚ್ ಬರೆದವರದಲ್ಲದೆ ಅದನ್ನು ಮುಂದಕ್ಕೆ ದಾಟಿಸಿದವರ ಹೆಸರೂ ಸಹಿಯಾಗಿ ಸೇರುತ್ತದೆ. ಎಕ್ಸ್‌ಝಡ್‌ನಲ್ಲಿ ಆ ಎರಡನೇ ಸಹಿ ಹಾಕಲು ಬಿಡುವಾಗಿದ್ದವರು ಯಾರೂ ಇರಲಿಲ್ಲ. ಪುಕ್ಕಟೆ ಸಿಕ್ಕಿದ್ದನ್ನು ಬಳಸುವ ನಾವೆಲ್ಲ ಯೋಚಿಸಬೇಕಾದ ಮಾತಿದು.